ಮೂರನೇ ಸಾಲಿನ ಟೈಲು

ಟೈಲು ಮತ್ತೆ ಬಿದ್ದಿತ್ತು. ಅದೇ ಟೈಲು!

ಒಲೆಯ ಹಿಂದಿನ ಹಳೇ ಟೈಲುಗೋಡೆ ಮುಚ್ಚಿಹೋಗುವಂತೆ ಜುಲ್ಮಾ ತಾನೇ ನಿಂತು ನಲವತ್ತು ಬಿಳಿ ಸ್ಟಿಕ್ಕರ್ ಟೈಲುಗಳ ಬೆನ್ನಿನ ಕಾಗದ ಸುಲಿದು ಅಂಟಿಸಿದ್ದಳು. ಮೂವತ್ತೊಂಬತ್ತು ಜಪ್ಪಯ್ಯ ಅಂದರೂ ಅಲ್ಲಾಡಿರಲಿಲ್ಲ. ಮೂರನೇ ಸಾಲಿನ ಎಡತುದಿಯದೊಂದು ಮಾತ್ರ ಒಲೆಕಟ್ಟೆಯ ಮೇಲೆ ಅಂಟು ಮೇಲಾಗಿ ಬಿದ್ದಿತ್ತು. ಇದು ನಾಲ್ಕನೇ ಸಲ. ಪ್ರತಿ ಸಲವೂ ಅವಳು ಹೊಸದೊಂದನ್ನು ತಂದು, ಗೋಡೆಯತ್ತ ಕಣ್ಣೂ ಹಾಯಿಸದೆ, ಪಟ್ಟನೆ ಒತ್ತಿಬಿಡುತ್ತಿದ್ದಳು.

"ಅಕ್ಕನೇ ಕಿತ್ತಿದ್ದು!" ಗಂಡನಿಗೆ ಅಂದಳು. "ಗೋಡೆ ಮುಚ್ಚೋದು ಬೇಡ ಬೇಡ ಅಂತ ಕೂಗಾಡಿದ್ದೂ ಅವಳೇ ತಾನೆ?"

ನಿನ್ನೆ ಇದೇ ಮಾತು ಅಕ್ಕ ಮಿರ್ತಾಳ ಮುಖದ ಮೇಲೆ ಅಂದಾಗಿತ್ತು. ಅಮ್ಮನ ಸೇವೆ ಮಾಡುತ್ತ ಇದೇ ಮನೆಯಲ್ಲಿ ತಲೆ ನರೆಸಿಕೊಂಡ ಮಿರ್ತಾ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಿದ್ದಳು. ಹನ್ನೆರಡಕ್ಕೆ ರಾಜಧಾನಿ ಮೊಂಟೆವಿಡಿಯೋಗೆ ಬಸ್ಸು. ಹತ್ತಿದರೆ ವಾಪಸ್ ಬರುವ ಹೆಂಗಸಲ್ಲ ಅವಳು.

ಪಕ್ಕದ ಮನೆಯ ಒಫೇಲಿಯಾ ಬಂದು ಕೂತರು. ಇದೇ ಪಾಯ್ಸಾಂದು ಊರಿನ ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ಸವೆಸಿದ ಮುದುಕಿ. ಯಾರ ಕಾಗದವನ್ನು ಯಾರು ಒಡೆದು ಓದಿ ಮತ್ತೆ ಅಂಟಿಸಿದ್ದಾರೆ ಅಂತ ಲಕೋಟೆ ಮುಟ್ಟಿಯೇ ಹೇಳುತ್ತಿದ್ದರು. ಜುಲ್ಮಾಳ ಗಂಡ ಎಲ್ಬಿಯೋ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವರಿಗೆ ಮಾಟೆ ಸೊಪ್ಪಿನ ಕಷಾಯ ತುಂಬಿದ ಸೋರೆಬುರುಡೆ ಕೊಟ್ಟ. ಅವನು ಮಾತಿನ ಮನುಷ್ಯನಲ್ಲ. ಅತ್ತೆ ತೀರಿಕೊಂಡ ಮೇಲಂತೂ ಇನ್ನೂ ಕಡಿಮೆ.

"ಶಾಖಕ್ಕೆ ಬಿದ್ದಿರುತ್ತೆ ಅಂದ ಅಂಗಡಿಯವನು," ಜುಲ್ಮಾ ಅಂದಳು.

"ಶಾಖಕ್ಕೇನು ಆ ಒಂದೇ ಟೈಲಿನ ಮೇಲೆ ಹಗೆಯೇ?" ಒಫೇಲಿಯಾ ಕನ್ನಡಕ ಏರಿಸಿದರು. "ಎಷ್ಟು ಹೊತ್ತಿಗೆ ಬೀಳುತ್ತೆ?"

"ಬೆಳಿಗ್ಗೆ ನಾನು ಏಳೋದರೊಳಗೆ."

"ಮೊದಲು ಏಳೋರು ಯಾರು?"

"ಅಕ್ಕ!"

"ನಾನಾ?" ಬಾಗಿಲಿಂದ ಮಿರ್ತಾ ಸಿಡಿದಳು. "ನಾನು ಏಳೋ ಹೊತ್ತಿಗೆ ಬಿಸಿನೀರು ಕಾದಿರುತ್ತೆ ಕಣೇ! ಬಾಯಿಗೆ ಬಂದಿದ್ದು ಆಡಬೇಡ!"

ಒಫೇಲಿಯಾ ಬಿದ್ದ ಟೈಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಗೋಡೆಯಲ್ಲಿ ತೆರೆದುಕೊಂಡ ಜಾಗವನ್ನು ನೋಡಿದರು. ಅವರಿಗೆ ನಗು ಬಂತು.

"ಅಂಟಿಗೆ ನೆನಪು ಜಾಸ್ತಿ ಮಗಳೇ. ಮುಟ್ಟಿದವರನ್ನು ಅದು ಬಿಡಲ್ಲ. ಇದನ್ನು ಯಾರೋ ಒಂದಲ್ಲ, ಹತ್ತು ಸಲ ಸುಲಿದು ಮತ್ತೆ ಒತ್ತಿ ಅಂಟು ಸೋಲಿಸಿದ್ದಾರೆ. ಮೂಲೆ ನೋಡು, ಏನಿದು?"

ಹಸಿರು ಪುಡಿ. ಸಣ್ಣಗೆ, ಹಿಟ್ಟಿನಂತೆ.

"ಮಾಟೆ ಸೊಪ್ಪಿನ ಪುಡಿ! ನೋಡಿದ್ರಾ? ಅಕ್ಕ ದಿನಕ್ಕೆ ಹತ್ತು ಬುರುಡೆ ಕುಡೀತಾಳೆ!"

"ನೀನೇನು ಬರೀ ನೀರು ಕುಡೀತೀಯಾ? ಊರಿಗೆ ಊರೇ ಕುಡಿಯುತ್ತೆ!"

"ಜಗಳ ಸಾಕು!" ಒಫೇಲಿಯಾ ಮೇಜು ಕುಟ್ಟಿದರು. "ಕುಡಿಯೋರ ಕೈಗೆ ಪುಡಿ ಹತ್ತಲ್ಲ. ಬುರುಡೆಗೆ ಸೊಪ್ಪು ತುಂಬಿ, ಅದರ ಬಾಯಿಗೆ ಅಂಗೈ ಮುಚ್ಚಿ, ತಲೆಕೆಳಗು ಮಾಡಿ ಕುಲುಕ್ತಾರಲ್ಲ, ಅವರ ಅಂಗೈಗೆ ಮೆತ್ತುತ್ತೆ. ಈ ಮನೆಯಲ್ಲಿ ಕುಲುಕೋರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಲ್ಬಿಯೋ ತನ್ನ ಅಂಗೈ ನೋಡಿಕೊಂಡ.

ಮೊದಲಾದರೆ ಕುಲುಕುತ್ತಿದ್ದವಳು ಅಮ್ಮ. ಅವಳ ನಂತರ, ಅವನೊಬ್ಬನೇ.

"ನೀನಾ?" ಜುಲ್ಮಾಳ ಧ್ವನಿ ಇಳಿಯಿತು. "ಯಾಕೆ?"

"ನೀನು ಬಿದ್ದ ಟೈಲನ್ನೇ ನಾಲ್ಕು ಸಲ ನೋಡಿದೆ," ಒಫೇಲಿಯಾ ಅಂದರು. "ಒಂದು ಸಲ ಗೋಡೆ ನೋಡೇ."

ಜುಲ್ಮಾ ನೋಡಿದಳು. ಅಮ್ಮ ಹೋದಾಗಿನಿಂದ ಆ ಗೋಡೆ ಕಂಡರೆ ಎದೆ ಹಿಂಡುತ್ತಿತ್ತು. ಅದಕ್ಕೇ ಮುಚ್ಚಿದ್ದು, ಅದನ್ನು ಯಾರಿಗೂ ಹೇಳಿರಲಿಲ್ಲ.

ಹಳೇ ಟೈಲಿನ ಮೇಲೊಂದು ನೀಲಿ ದೋಣಿ. ತಲೆಕೆಳಗಾಗಿ.

ಮೂವತ್ತೊಂದು ವರ್ಷದ ಹಿಂದೆ ಈ ಗೋಡೆಗೆ ಟೈಲು ಕೂರಿಸಲು ಬಂದ ಗಾರೆ ಕೆಲಸದವನು ಎಲ್ಬಿಯೋ. ಕಣ್ಣೆಲ್ಲ ಜುಲ್ಮಾಳ ಮೇಲಿಟ್ಟು ಒಂದು ದೋಣಿಯ ಟೈಲನ್ನು ಮಗುಚಿ ಕೂರಿಸಿಬಿಟ್ಟಿದ್ದ. ಕಿತ್ತು ಸರಿ ಮಾಡ್ತೀನಿ ಅಂದಾಗ ಅಮ್ಮ ಬಿಟ್ಟಿರಲಿಲ್ಲ: "ಇರಲಿ ಬಿಡೋ. ನನ್ನ ಮಗಳನ್ನ ನೋಡ್ತಾ ಇದ್ದೆ ಅನ್ನೋಕೆ ಸಾಕ್ಷಿ ಬೇಡವಾ?" ಮದುವೆಯಾದಂದಿನಿಂದ ಪ್ರತಿ ಬೆಳಿಗ್ಗೆ, ಮನೆ ಮಲಗಿರುವಾಗ, ಮೊದಲ ಬುರುಡೆ ಅಳಿಯನಿಗೆ ಕೊಡುತ್ತ ಅಮ್ಮನದು ಅದೇ ಕೀಟಲೆ, ದೋಣಿ ಮಗುಚಿದ ಅಂಬಿಗ ಅಂತ; ಅರೆನಿದ್ದೆಯಲ್ಲಿ ಜುಲ್ಮಾಗೂ ಕೇಳಿಸುತ್ತಿತ್ತು.

"ನೀವಿಬ್ಬರೂ ಅಮ್ಮನ್ನ ಕಳಕೊಂಡ್ರಿ," ಎಲ್ಬಿಯೋ ಮೆಲ್ಲಗೆ ಅಂದ. "ನಾನು ಯಾರನ್ನ ಕಳಕೊಂಡೆ ಅಂತ ಯಾರೂ ಕೇಳ್ಲಿಲ್ಲ. ಬೆಳಿಗ್ಗೆ ಒಂದು ನಿಮಿಷ ನೋಡಿ ಮುಚ್ತಿದ್ದೆ, ಅಷ್ಟೇ. ಮಿರ್ತಾ, ನಿನ್ನೆ ದೂರು ನಿನ್ನ ಮೇಲೆ ಬಂದಾಗ ಬಾಯಿ ಬಿಡಬೇಕಿತ್ತು. ನಾಚಿಕೆ ಆಯ್ತು."

"ಥೂ ನಿನ್ನ!" ಅಂದಳು ಮಿರ್ತಾ. ಆದರೆ ಅವಳ ಕಣ್ಣು ತುಂಬಿತ್ತು.

ಜುಲ್ಮಾ ಬಾಗಿಲಿಗೆ ಹೋಗಿ ಪೆಟ್ಟಿಗೆ ಎತ್ತಿದಳು. "ತಪ್ಪಾಯ್ತು ಅಕ್ಕಾ."

"ಬಾಯಿ ಬಿಟ್ರೆ ಬಣ್ಣಗೇಡು ನಿಂದು. ಕೆಳಗಿಡು, ಭಾರ ಇದೆ. ನಾನೇ ಒಳಗೆ ತಗೊಂಡು ಹೋಗ್ತೀನಿ."

ಮರುದಿನ ಜುಲ್ಮಾ ಎಲ್ಲರಿಗಿಂತ ಮೊದಲು ಎದ್ದಳು. ಮೂವತ್ತೊಂಬತ್ತು ಬಿಳಿ ಟೈಲುಗಳ ನಡುವೆ ದೋಣಿ ಹಾಗೇ ತೆರೆದಿತ್ತು. ಸೊಪ್ಪು ತುಂಬಿ, ಅಂಗೈ ಮುಚ್ಚಿ ಕುಲುಕಿದಳು. ಅರ್ಧ ಪುಡಿ ನೆಲಕ್ಕೆ ಚೆಲ್ಲಿತು. ಎಲ್ಬಿಯೋ ಬಂದು ಬಾಗಿಲಲ್ಲೇ ನಿಂತುಬಿಟ್ಟ.

ಅವಳು ಹಸಿರಾದ ಕೈಯಲ್ಲೇ ಬುರುಡೆ ಚಾಚಿ, ಅಮ್ಮನ ಮಾತನ್ನೇ ಕೇಳಿದಳು:

"ಏನಪ್ಪಾ ಅಂಬಿಗ, ಈಜಿ ದಡ ಸೇರಿದ್ಯಾ?"

ಎಲ್ಬಿಯೋ ಬುರುಡೆ ಇಸಕೊಂಡ. ಒಂದು ಗುಟುಕು ಹೀರಿದ.

"ಸೇರ್ದೆ," ಅಂದ. "ಬಟ್ಟೆ ಮಾತ್ರ ಒದ್ದೆ."