ಕೆಂಡವಿಲ್ಲದ ಇಸ್ತ್ರಿ ಪೆಟ್ಟಿಗೆ

"ನಿಲ್ಸು! ಮೊದ್ಲು ಆ ಪೆಟ್ಟಿಗೆ ಕೆಳಗೆ ಇಡ್ಸು! ಎಂಬತ್ತು ವರ್ಷದ ಮುದುಕಿ ಕೈಲಿ ಇಸ್ತ್ರಿ ಹಾಕಿಸ್ತಿದ್ದೀಯಲ್ಲ, ನಿನಗೆ ಕರುಳು ಅನ್ನೋದು ಇದೆಯೇನೇ?"

ಹೊಸ್ತಿಲ ಮೇಲೆ ನಿಂತು ಬೆಂಕಿ ಕಾರುತ್ತಿದ್ದವಳು ಆ ಮನೆಯ ಮಗಳು. ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆಕೆಯ ಒಂದು ಕೆಮ್ಮಿಗೆ ಆರುನೂರು ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಇನ್ನು ತಮ್ಮನ ಹೆಂಡತಿ ಯಾವ ಗಿಡದ ತೊಪ್ಪಲು! ಸೊಸೆ ತಲೆ ತಗ್ಗಿಸಿದಳು. ಮೇಜಿನ ಮುಂದೆ ನಿಂತಿದ್ದ ತಾಯಿಗೆ ಮಾತ್ರ ಈ ಕೂಗಾಟ ಸಂಬಂಧಿಸಿದ್ದೇ ಅಲ್ಲ. ಟವೆಲಿನ ಮೇಲೆ ಬೆರಳ ತುದಿಯಿಂದ ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಅಂಚಿನಿಂದ ಅಂಚಿಗೆ ಒತ್ತಿ ಎಳೆದಳು.

"ಅಕ್ಕ, ಅದರಲ್ಲಿ ಕೆಂಡ ಇಲ್ಲ. ಬರೀ ಪೆಟ್ಟಿಗೆ ಅದು..."

"ಓಹೋ! ಹಾಗಾದ್ರೆ ನಮ್ಮಮ್ಮನ್ನ ಗೊಂಬೆ ಥರ ಆಡಿಸ್ತಿದ್ದೀಯ ಅನ್ನು!"

ಕೆಂಡ ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು!

ಓದುಗರಿಗೆ ನಡೆದದ್ದು ಗೊತ್ತಿರಲಿ. ಗಂಡ ತೀರಿಹೋದ ಮೇಲೆ ಆ ತಾಯಿ ಇದೇ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷ ಬೀದಿಯ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕಿ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಬೀದಿಗೆಲ್ಲ ಆಕೆ 'ಇಸ್ತ್ರಿಯಮ್ಮ'. ಹೊಸದಾಗಿ ಬಂದ ಸೊಸೆ ಮಡಿಸಿದ ಅಂಗಿಯ ಕಾಲರ್ ಕೂದಲೆಳೆಯಷ್ಟು ಓರೆಯಾದರೂ ಮುಖದ ಮೇಲೆಸೆಯುತ್ತಿದ್ದ ಗಟ್ಟಿಗಿತ್ತಿ! ಅಂಥವಳಿಗೆ ಎರಡು ವರ್ಷದ ಹಿಂದೆ ಮರೆವಿನ ಕಾಯಿಲೆ ಅಂಟಿಕೊಂಡಿತು. ಈ ಮನೆಯ ಅಂಗಿ ಆ ಮನೆಗೆ ಹೋಯಿತು. ಒಂದು ದಿನ ಉರಿಯುವ ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಟ್ಟು ಮರೆತಳು. ಬಸ್ ಓಡಿಸುವ ಮಗ ಹೆದರಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಅಲ್ಲಿಂದ ಶುರುವಾಯಿತು ನೋಡಿ ಗೋಳು! ಸಂಜೆಯಾದರೆ ಅಳು, ಬಾಗಿಲಿಂದ ಬಾಗಿಲಿಗೆ ಅಲೆದಾಟ, "ನನ್ನ ಪೆಟ್ಟಿಗೆ ಕದ್ದಳು" ಎಂದು ಸೊಸೆಯ ಮೇಲೆ ದೂರು.

"ಹಟ ಅಲ್ಲಮ್ಮ ಇದು, ಕಾಯಿಲೆ" ಎಂದಿದ್ದರು ಡಾಕ್ಟರು. "ವಾದ ಮಾಡ್ಬೇಡಿ. ಅವರು ಎಲ್ಲಿದ್ದಾರೋ ಅಲ್ಲಿಗೆ ನೀವೇ ಹೋಗಿ. ಕೈಗೆ ಅಭ್ಯಾಸ ಇರೋ ಕೆಲಸ ಇದ್ರೆ ಅದನ್ನ ಕೊಡಿ."

ಸೊಸೆ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಹನ್ನೆರಡು ಟವೆಲು ಕೊಟ್ಟಳು. ಅತ್ತೆ "ಕಾವು ಸಾಕಾ?" ಎಂದರೆ "ಹದವಾಗಿದೆ ಅತ್ತೆ" ಎನ್ನುವಳು. ಒದ್ದೆ ಬಟ್ಟೆ, ಭಾರದ ಪೆಟ್ಟಿಗೆ. ಸುಕ್ಕು ತಕ್ಕಮಟ್ಟಿಗೆ ಹೋಗುತ್ತಿತ್ತು ಕೂಡ. ಮಧ್ಯಾಹ್ನ ಅತ್ತೆ ಮಲಗಿದಾಗ ಅವೇ ಹನ್ನೆರಡು ಟವೆಲುಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಮುದುರಿ ಮರುದಿನಕ್ಕೆ ಇಡುವಳು. ಅಳು ನಿಂತಿತು. ಊಟ ಸೇರತೊಡಗಿತು.

ಇದನ್ನೆಲ್ಲ ಕೇಳುವ ತಾಳ್ಮೆ ಮಗಳಿಗೆಲ್ಲಿ? "ನಮ್ಮಮ್ಮ ದುಡಿದದ್ದು ಸಾಕು. ನನ್ನ ಮನೇಲಿ ರಾಣಿ ಹಾಗೆ ಇರ್ತಾಳೆ!" ಎಂದವಳೇ ತಾಯಿಯನ್ನು ಕರೆದುಕೊಂಡು ಹೊರಟೇಬಿಟ್ಟಳು. ತಮ್ಮ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ತನ್ನ ಚಪ್ಪಲಿ ನೋಡಿಕೊಂಡ.

ಮಗಳ ಮನೆ ಮೂರನೆಯ ಮಹಡಿ. ಮೆತ್ತನೆಯ ಹಾಸಿಗೆ, ಕಿಟಕಿಯ ಪಕ್ಕ ಕುರ್ಚಿ, ನೋಡಿಕೊಳ್ಳಲು ಒಬ್ಬ ಹೆಂಗಸು. ಒಂದು ಕಡ್ಡಿ ಎತ್ತಿ ಇಡುವ ಕೆಲಸವೂ ಇಲ್ಲ. ಆದರೆ ಟೀಚರಿಗೆ ಪರೀಕ್ಷೆ ಮಾಡದೆ ಸುಮ್ಮನಿರಲಾದೀತೇ? ದಿನಾ ಬೆಳಿಗ್ಗೆ ಎದುರು ಕೂತು ಕೇಳುವಳು.

"ನಾನ್ಯಾರು ಹೇಳಮ್ಮ? ನೆನಪು ಮಾಡ್ಕೋ."

"ನೀವು... ಟೀಚರು?"

ಉತ್ತರವೇನೋ ಸರಿಯಾಗಿಯೇ ಇತ್ತು. ಮಗಳಿಗೆ ಬೇಕಾಗಿದ್ದದ್ದು ಅದಲ್ಲ. "ಅಲ್ಲಮ್ಮ! ಸರಿಯಾಗಿ ನೋಡು!" ಎಂದು ಮತ್ತೆ ಕೇಳುವಳು. ತನ್ನನ್ನು ಒಮ್ಮೆ, ಒಂದೇ ಒಂದು ಬಾರಿ ಅಮ್ಮ ಗುರುತಿಸಿ 'ಮಗಳೇ' ಎನ್ನಬೇಕು... ಅಷ್ಟೇ ಆಕೆಯ ಆಸೆ. ತಾಯಿ ದಿನದಿನಕ್ಕೆ ಮುದುಡಿದಳು. ಮೇಜಿನ ಬಟ್ಟೆಯನ್ನು ಬರಿಗೈಯಲ್ಲಿ ಒತ್ತಿ ಒತ್ತಿ ಸವರುತ್ತ ಕೂರುವಳು. ಊಟ ಸೇರಲಿಲ್ಲ.

ಒಂಬತ್ತನೆಯ ದಿನ ಶಾಲೆ ಬಿಟ್ಟು ಬಂದಾಗ ಮೆಟ್ಟಿಲ ಬಳಿ ಗಲಾಟೆ. ಪಕ್ಕದ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಎದುರಿಗೆ ಅಮ್ಮ, ಎರಡೂ ತೋಳಲ್ಲಿ ತಾರಸಿಯ ಹಗ್ಗದಿಂದ ಎಳೆದು ತಂದ ಅವರ ಮನೆಯ ಬಟ್ಟೆ! ಕಾವಲಿನ ಹೆಂಗಸು ಯಾವಾಗ ಕಣ್ಣು ಮುಚ್ಚಿದ್ದಳೋ! ಮಗಳಿಗೆ ಅವಮಾನದಿಂದ ಕಿವಿ ಕೆಂಪಾಯಿತು. ತಾಯಿಯನ್ನು ಒಳಗೆಳೆದು ಬಾಗಿಲು ಹಾಕಿದಳು.

"ಕಳ್ಳಿ ಅಂತಾರಮ್ಮ ಜನ! ನನ್ನ ಮಾನ ಕಳೀಬೇಕು ಅಂತಾನೇ ಇದ್ದೀಯಾ?"

ತಾಯಿ ಗೋಡೆಗೆ ಒರಗಿ ಕುಸಿದಳು. ಎರಡೂ ಕೈ ಮುಖಕ್ಕೆ ಅಡ್ಡ ಬಂದವು.

"ಹೊಡೀಬೇಡಿ ಟೀಚರ್... ಇನ್ಮೇಲೆ ತಪ್ಪು ಮಾಡಲ್ಲ. ನನ್ನ ಮನೆಗೆ ಕಳಿಸಿಬಿಡಿ. ಅಲ್ಲಿ ಒಬ್ಬಳು ಇದ್ದಾಳೆ... ಯಾರೋ ಗೊತ್ತಿಲ್ಲ. ನಾನೇನು ಕೇಳಿದ್ರೂ ಹೌದು ಅಂತಾಳೆ..."

ಅಯ್ಯೋ! ತನ್ನನ್ನು ಒಂದು ದಿನವೂ ಹೊಡೆಯದ ಅಮ್ಮ ಇಂದು ತನ್ನ ಕೈಗೆ ಹೆದರುತ್ತಿದ್ದಾಳೆ! ಮುಖ್ಯೋಪಾಧ್ಯಾಯಿನಿ ನೆಲದ ಮೇಲೆ ಕೂತು ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆಯೇ ತಾಯಿಯ ಕೈ ಹಿಡಿದು ತಮ್ಮನ ಮನೆಯ ಬಾಗಿಲಲ್ಲಿ ನಿಂತಳು. "ನನಗೆ ಕಲಿಸೋಕೆ ಬರುತ್ತೆ. ನೋಡ್ಕೊಳ್ಳೋಕೆ ಬರಲಿಲ್ಲ ಕಣೇ. ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ..."

"ಬಿಡಿ ಅಕ್ಕ. ನಾನೂ ಮೊದಲು ಆರು ತಿಂಗಳು ಜಗಳ ಆಡಿದ್ದೀನಿ. ಒಂದ್ಸಲ ಅತ್ತೆ ಕೈನೂ ತಿರುಚಿದ್ದೆ. ನಿಮ್ಮ ತಮ್ಮಂಗೂ ಹೇಳಿಲ್ಲ ಅದನ್ನ" ಎಂದು ಸೊಸೆ ಕಣ್ಣೊರೆಸಿಕೊಂಡಳು.

ಮುಂದಿನ ಭಾನುವಾರ ಮಗಳು ಮತ್ತೆ ಬಂದಳು. ಕೈಚೀಲದಲ್ಲಿ ತನ್ನ ಶಾಲೆಯ ಮಗುವೊಂದು ಉಟ್ಟು ಬಿಟ್ಟ, ಸುಕ್ಕಾದ ನೆರಿಗೆ ಲಂಗ. ಒಂದು ಕಾಲಕ್ಕೆ ತಾನೂ ಉಟ್ಟಿದ್ದಂಥದ್ದೇ ನೀಲಿ ಲಂಗ. ಅದನ್ನು ನೋಡಿಯಾದರೂ... ಆಸೆ ಎಂಬುದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಬಟ್ಟೆ ಕೊಡೋಕೆ ಬಂದ್ಯೇನಮ್ಮ?" ಎಂದಳು ತಾಯಿ.

ಮಗಳು ಲಂಗವನ್ನು ಮೇಜಿನ ಮೇಲಿಟ್ಟಳು. "ಹೌದು."

"ಸ್ಕೂಲು ಮಗುವಿಂದಾ? ಹಾಗಿದ್ರೆ ಇದು ಮೊದಲು." ಟವೆಲು ಪಕ್ಕಕ್ಕೆ ಸರಿಯಿತು. ಒಂದೊಂದೇ ನೆರಿಗೆ ಎಣಿಸಿ, ಕೂರಿಸಿ, ಪೆಟ್ಟಿಗೆಯ ಮೂತಿಯಿಂದ ಒತ್ತಿದಳು. "ನನ್ನ ಮಗಳೂ ಸ್ಕೂಲಿಗೆ ಹೋಗ್ತಾಳೆ. ಒಂದು ನೆರಿಗೆ ಅತ್ತಿತ್ತ ಆದ್ರೂ ಮೂತಿ ಊದಿಸ್ತಾಳೆ. ಭಾರೀ ಸಿಟ್ಟು ಅವಳಿಗೆ."

"ನೀವು ಬೈಯಲ್ವಾ?"

"ಬೈಯೋದು ಯಾಕೆ? ಅವಳು ಬೀದಿ ತುದಿ ದಾಟೋವರೆಗೂ ಇಲ್ಲಿಂದಲೇ ನೋಡ್ತಾ ಇರ್ತೀನಿ. ಎಷ್ಟು ಮಕ್ಕಳ ಮಧ್ಯೆ ಇದ್ರೂ ಸರಿ, ನನ್ನ ಮಗಳನ್ನ ನಾನು ಗುರುತು ಹಿಡೀತೀನಮ್ಮ."

'ಆ ಮಗಳು ನಾನೇ ಅಮ್ಮ...!' ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ತಪ್ಪನ್ನು ತಿದ್ದುವುದೇ ಬದುಕಾಗಿದ್ದವಳು ಆ ಒಂದು ಮಾತನ್ನು ಹಲ್ಲು ಕಚ್ಚಿ ಹಿಂದಕ್ಕೆ ನುಂಗಿಕೊಂಡಳು.

"ಹಿಡೀತೀರಿ. ನನಗೆ ಗೊತ್ತು" ಎಂದಳು.

ತಾಯಿ ಲಂಗವನ್ನು ಮಡಿಸಿ ಅಂಗೈ ಮೇಲಿಟ್ಟು ಕೊಟ್ಟಳು. "ಮಗು ಚೆನ್ನಾಗಿ ಓದ್ಲಿ. ಇನ್ನೊಂದ್ಸಲ ತಗೊಂಡು ಬಾ."

"ಬರ್ತೀನಿ."

ಊಟವಾಗಿ ತಾಯಿ ಮಲಗಿದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಸೊಸೆ ಬಕೆಟ್ ಇಟ್ಟುಕೊಂಡು ಕೂತಿದ್ದಳು. ಮಗಳು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು ಒಂದು ಟವೆಲು ಎತ್ತಿಕೊಂಡಳು.

"ಹಂಗಲ್ಲ ಅಕ್ಕ, ನೀವು ಮತ್ತೆ ನೀಟಾಗಿ ಮಡಿಸ್ತಿದ್ದೀರಿ! ಜೋರಾಗಿ ಹಿಂಡಿ, ಸುಕ್ಕು ಬೀಳ್ಬೇಕು."

ಹನ್ನೆರಡೂ ಟವೆಲು ಮುಗಿದವು. ಮಗಳ ಮಡಿಲಲ್ಲಿ ಲಂಗ ಉಳಿದಿತ್ತು. ನೆರಿಗೆಗಳು ಗೆರೆ ಎಳೆದ ಹಾಗೆ ಕೂತಿದ್ದವು.

"ಇದನ್ನೂ... ಮಾಡ್ಬೇಕಾ?"

"ನಾಳೆ ಬೆಳಿಗ್ಗೆ ಕೇಳ್ತಾರೆ ಅಕ್ಕ. ಸ್ಕೂಲು ಮಗುವಿಂದು ಮೊದಲು ಅಂತ."

ಮಗಳು ಲಂಗವನ್ನೊಮ್ಮೆ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅದನ್ನು ನೀರಲ್ಲಿ ಮುಳುಗಿಸಿ, ಒಂದು ನೆರಿಗೆಯೂ ಉಳಿಯದ ಹಾಗೆ ಹಿಂಡಿದಳು.