ನಡುಹೊಳೆಯಲ್ಲಿ ಆರಿಸಿದ ಇಂಜಿನ್

"ವೈರ್ ಹಿಡೀರಿ ಅಂದ್ರ ನನ್ನ ಬೆರಳ್ಯಾಕ ಹಿಡೀತೀರಿ?"

ಭಾಗ್ಯಜ್ಯೋತಿ ಬೆಚ್ಚಿ ಕೈ ಎಳೆದುಕೊಂಡಳು. ರಾಯಚೂರಿನ ಬ್ಯಾಟರಿ ಅಂಗಡಿಯಿಂದ ಬಂದಿದ್ದ ಹಾಲೇಶ ತಲೆ ತಗ್ಗಿಸಿ ನಗುತ್ತ ನಟ್ಟು ಬಿಗಿಯತೊಡಗಿದ.

ದೇವದುರ್ಗದ ಕಡೆ ಕೃಷ್ಣೆಯಲ್ಲಿ ಅವಳ ಅಪ್ಪ ಹನುಮಂತ್ರಾಯನ ಮೋಟಾರು ದೋಣಿ ಜನರನ್ನು ದಾಟಿಸುತ್ತಿತ್ತು. ಲೈಟು, ತಳದ ನೀರು ಹೊರಹಾಕುವ ಪಂಪು, ಎರಡಕ್ಕೂ ಹಳೆಯ ಬ್ಯಾಟರಿ ಸಾಲುತ್ತಿರಲಿಲ್ಲ. ಹಾಲೇಶ ಅದರ ಎರಡರಷ್ಟು ದೊಡ್ಡದನ್ನೂ, ಅದನ್ನು ತುಂಬಿಸುವಂಥ ಹೊಸ ಆಲ್ಟರ್ನೇಟರನ್ನೂ ಕೂರಿಸುತ್ತಿದ್ದ.

ಮೂರು ದಿನದ ಕೆಲಸ. ಮೂರೂ ದಿನ ಚಹಾ ತಂದವಳು ಅವಳೇ.

ಹೊರಡುವಾಗ ಅವನು ಹೇಳಿದ, "ಇಂಜಿನ್ ತಿರುಗಿದಷ್ಟೇ ಬ್ಯಾಟರಿ ತುಂಬ್ತದ, ಆರಿಸಿದ್ರ ಲೈಟು, ಪಂಪು ಅದನ್ನ ಖಾಲಿ ಮಾಡ್ತಾವ. ನಡುಹೊಳಿಯಾಗ ಆರಿಸಬ್ಯಾಡಂತ ನಿಮ್ಮಪ್ಪಗ ಹೇಳ್ರಿ. ಮರೀಬ್ಯಾಡ್ರಿ."

'ನಿಮ್ಮನ್ನ ಹ್ಯಾಂಗ ಮರೀಲಿ...' ಎಂದುಕೊಂಡಳು. ಬಾಯಲ್ಲಿ ಬಂದದ್ದು ಬರೀ "ಹೂಂ."

ಆದರೆ ಅಪ್ಪನಿಗೆ ಹೇಳುವುದು ಹೇಗೆ? ಅರ್ಧ ಹೊಳೆ ದಾಟಿದೊಡನೆ ಇಂಜಿನ್ ಆರಿಸಿ, ಹರಿವಿಗೆ ದೋಣಿ ಬಿಟ್ಟು, ಹುಟ್ಟು ಹಾಕಿಯೇ ದಡ ಮುಟ್ಟಿಸುವುದು ಅವನ ಹೆಮ್ಮೆ. "ಇಂಜಿನ್ ಬೇಕಾಗೋದು ಹೊಳಿ ತಿಳೀದವಗ," ಎನ್ನುವ ಮನುಷ್ಯ.

ನಾಳೆ ಹೇಳಿದರಾಯಿತು... ನಾಡಿದ್ದು...

ಹನ್ನೆರಡನೆಯ ದಿನ ಹೊಳೆಗೆ ಮಳೆಯ ಹೊಸ ನೀರು ಬಂದಿತ್ತು. ಅಪ್ಪ ಎಂದಿನಂತೆ ಇಂಜಿನ್ ಆರಿಸಿದ. ಸೆಳವು ದೋಣಿಯನ್ನು ಬಂಡೆಗಳತ್ತ ಎಳೆಯಿತು. ಕೀಲಿ ತಿರುವಿದರೆ ಇಂಜಿನ್ ಒಮ್ಮೆ ನರಳಿ ಸುಮ್ಮನಾಯಿತು.

ಯಾರೂ ಮುಳುಗಲಿಲ್ಲ. ಬಂಡೆಗೆ ಬಡಿದ ಏಟಿಗೆ ದೋಣಿಯಲ್ಲಿದ್ದ ಮುದುಕಿ ಹಣಮಮ್ಮನ ಕೈ ಮುರಿಯಿತು.

"ಹಳೇ ಬ್ಯಾಟರಿಗೆ ಬಣ್ಣ ಬಡದು ಕೊಟ್ಟಾನ ಅಂವ," ಎಂದು ಅಪ್ಪ ಅದನ್ನು ಹೊತ್ತು ರಾಯಚೂರಿಗೆ ಹೊರಟ. ಭಾಗ್ಯಜ್ಯೋತಿಯೂ ಬಸ್ಸು ಹತ್ತಿದಳು.

ಅಂಗಡಿಯ ಮಾಲೀಕ ಖಾಸಿಂ ಸಾಬ್ ಪರೀಕ್ಷಿಸಿ ನೋಡಿದರು. "ಬ್ಯಾಟರಿ ಹೊಸಾದೇ ಅದ. ಬರೇ ಖಾಲಿ ಆಗ್ಯದ. ಹಾಲೇಶ, ಇಂಜಿನ್ ಆರಿಸಬ್ಯಾಡ್ರಂತ ಇವರಿಗೆ ಹೇಳಿ ಬಂದಿದ್ದೇನು?"

ಹಾಲೇಶ ಒಮ್ಮೆ ಅವಳ ಮುಖ ನೋಡಿದ.

"ಇಲ್ರಿ. ಮರ್ತೆ."

"ಜನರ ಜೀವದ ಮ್ಯಾಲ ಮರೀತಿ? ನಾಳಿಂದ ಬರಬ್ಯಾಡ."

ಅವನು ಕೈ ಒರೆಸಿಕೊಂಡ. ಭಾಗ್ಯಜ್ಯೋತಿ ಮುಂದೆ ಬಂದಳು.

"ಯಪ್ಪಾ... ಅವರು ಹೇಳಿದ್ರು. ನನಗ ಹೇಳಿದ್ರು. ನಿನಗ ಹೇಳಾಕ ಹೆದರಿ ನಾನೇ ಸುಮ್ಮನಾದೆ."

ಹನುಮಂತ್ರಾಯ ಎತ್ತಿದ ಕೈ ಹಾಗೇ ಇಳಿಸಿದ.

"ಹೇಳಿದ್ರ ನಾ ಕೇಳ್ತಿದ್ನೇನು..." ಎಂದು ಸ್ಟೂಲಿನ ಮೇಲೆ ಕುಸಿದ. "ಸಾಬ್ರ, ಆ ಹುಡುಗನ್ನ ಕೆಲಸ ಬಿಡಿಸಬ್ಯಾಡ್ರಿ. ತಪ್ಪು ನಂದು."

ಖಾಸಿಂ ಸಾಬ್ ಹಾಲೇಶನ ಹೆಗಲು ತಟ್ಟಿದರು. ಅವನು ಹೊರಗೆ ಬಂದಾಗ ಭಾಗ್ಯಜ್ಯೋತಿ ಅಂಗಡಿಯ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಸುಳ್ಳ್ಯಾಕ ಹೇಳಿದ್ರಿ?"

"ನಿಮ್ಮಪ್ಪ ನಿಮ್ಮನ್ನ ಬೈತಾರಂತ."

"ಬೈಲಿ. ಅವನಿಗೆ ಹೇಳಬೇಕಾದ್ದು ಇನ್ನೂ ಒಂದದ. ಅದಕ್ಕೂ ಬೈತಾನ."

"ಏನದು?"

ಅವಳು ಸೆರಗಿನ ಅಂಚು ಹಿಡಿದು ನಿಂತಳು. ಆದರೆ ಈ ಸಲ ಕಣ್ಣು ತಪ್ಪಿಸಲಿಲ್ಲ.

ಹಾಲೇಶನ ದನಿ ತಗ್ಗಿತು. "ಮೊದಲ ನನಗ ಹೇಳ್ರಿ. ಆಮ್ಯಾಲ ಇಬ್ರೂ ಕೂಡೇ ಬೈಸ್ಕೊಳ್ಳೋಣು."