ಹಳದಿ ಕೊಡೆ

"ಈ ಕೊಡೆ ಹಳದಿ ಯಾಕಿದೆ?"

ಬಾಗಿಲಲ್ಲಿ ನಿಂತೇ ಕೇಳಿದಳು. ನಮಸ್ಕಾರವಿಲ್ಲ, ಕುಶಲ ಪ್ರಶ್ನೆಯಿಲ್ಲ. ಕೈಯಲ್ಲಿದ್ದ ಬಣ್ಣದ ಚಿತ್ರಗಳ ಹಾಳೆಗಳನ್ನು ಸಿಟ್ಟಿನಿಂದ ಮುಂದೆ ಚಾಚಿದಳು.

ಪ್ರಕಾಶನದ ಆ ಇಕ್ಕಟ್ಟಾದ ಕಚೇರಿಯಲ್ಲಿ, ಪುಸ್ತಕದ ಕಟ್ಟುಗಳ ನಡುವೆ ಹೇಗೋ ಜಾಗ ಮಾಡಿಕೊಂಡು ಕುಳಿತಿದ್ದವನು ಟೀ ಲೋಟ ಕೆಳಗಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದುದು ಅದೇ ಮೊದಲು. ಅವಳು ಮಕ್ಕಳ ಕಥೆ ಬರೆಯುವವಳು, ಅವನು ಆ ಕಥೆಗೆ ಚಿತ್ರ ಬರೆಯುತ್ತಿದ್ದವನು.

"ಬಣ್ಣ ಯಾವುದು ಅಂತ ಕಥೆಯಲ್ಲಿ ಇರಲಿಲ್ಲ," ಎಂದ.

"ಕೊಡೆ ಅಂದ್ಮೇಲೆ ಕಪ್ಪು ಅಂತ ಬೇರೆ ಹೇಳ್ಬೇಕಾ?"

"ನನ್ನ ಕೊಡೆ ಹಳದಿ," ಎಂದು ಅವನು ಮೂಲೆಯತ್ತ ಕೈ ತೋರಿಸಿದ. ನಿಜ... ಅಲ್ಲಿ ಗೋಡೆಗೆ ಒರಗಿ ಹಳದಿ ಕೊಡೆಯೊಂದು ನಿಂತಿತ್ತು, ಈ ಜಗಳಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ.

ಸಂಪಾದಕಿ ಹಣೆ ಹಣೆ ಚಚ್ಚಿಕೊಂಡರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಪುಸ್ತಕ ಮುಗಿಯುವವರೆಗೆ ಬರಹಗಾರರನ್ನೂ ಚಿತ್ರಗಾರರನ್ನೂ ಎದುರುಬದುರು ಮಾಡಬಾರದೆಂಬುದು ಅವರ ನೇಮ. ಭೇಟಿಯಾದರೆ ಒಂದೋ ಜಗಳವಾಡುತ್ತಾರೆ, ಇಲ್ಲವೇ ಮದುವೆಯಾಗುತ್ತಾರೆ, ಎರಡರಲ್ಲೂ ಪುಸ್ತಕ ತಡವಾಗುತ್ತದೆ ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಇವತ್ತು ಮಾತ್ರ ಯಾರೂ ಅವರ ಅಪ್ಪಣೆ ಕೇಳಿರಲಿಲ್ಲ.

ಹಾಳೆಗಳನ್ನು ಮೇಜಿನ ಮೇಲಿಟ್ಟು ಅವಳು ಹೊರಟಳು. ಮೆಟ್ಟಿಲಿಳಿಯುವಾಗ ಸಿಟ್ಟೂ ಒಂದೊಂದೇ ಮೆಟ್ಟಿಲು ಇಳಿಯಿತು. 'ತಪ್ಪು ನನ್ನದೇ ಅಲ್ವಾ...' ಎನ್ನಿಸಿತು.

ಹೌದು, ತಪ್ಪು ಅವಳದೇ. ಚಿತ್ರ ತೋರಿಸಬಹುದಾದದ್ದನ್ನು ಮಾತು ಹೇಳಬಾರದೆಂದು ಅವಳು ತನ್ನ ಕಥೆಗಳಿಂದ ಪದಗಳನ್ನು ನಿರ್ದಯವಾಗಿ ಕಿತ್ತು ಹಾಕುತ್ತಿದ್ದಳು. ಹಾಗೆ ಕೀಳುತ್ತ ಕೀಳುತ್ತ 'ಕಪ್ಪು' ಎಂಬ ಮಾತನ್ನೂ ಕಿತ್ತಿದ್ದಳು. ಆ ಕೊಡೆ ಅವಳ ಕಣ್ಣಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬೇರೆಯವರ ಕಣ್ಣಿಗೆ ಅದು ಕಾಣುವುದಿಲ್ಲ ಎಂಬುದೇ ಮರೆತುಹೋಗಿತ್ತು.

ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ಅವನು ಓಡಿಬಂದಿದ್ದ, ಏದುಸಿರು ಬಿಡುತ್ತಿದ್ದ.

"ಒಂದೇ ಒಂದು ಮಾತು... ಆ ಕೊಡೆ ಯಾರದ್ದು?"

ಅವಳು ನಿಂತಳು. ಇಷ್ಟು ವರ್ಷ ಕಥೆ ಬರೆದಿದ್ದಾಳೆ. ಮೊಲ ಯಾರದ್ದು, ಗಾಡಿ ಯಾರದ್ದು ಎಂದು ಅವಳನ್ನು ಯಾರೂ ಹೀಗೆ ಬೆನ್ನಟ್ಟಿ ಬಂದು ಕೇಳಿರಲಿಲ್ಲ.

"ನಮ್ಮಪ್ಪಂದು," ಎಂದಳು.

* * *

ಅವಳ ಅಪ್ಪ ಬಸ್ ಕಂಡಕ್ಟರ್. ಜನ ಬಸ್ಸಿನಲ್ಲಿ ಮರೆತುಹೋದ ಚೀಲ, ಚಪ್ಪಲಿ, ಟಿಫಿನ್ ಡಬ್ಬಿಗಳನ್ನೆಲ್ಲ ಮನೆಗೆ ತಂದು ಒರೆಸಿ ಇಟ್ಟು, ಮರುದಿನ ಯಜಮಾನರನ್ನು ಹುಡುಕಿ ಮುಟ್ಟಿಸುತ್ತಿದ್ದರು. ಅಂಥ ಮನುಷ್ಯ ಒಂದು ದಿನ ರಜೆಯ ಮೇಲೆ ಎಲ್ಲಿಗೋ ಹೋಗಿ, ತಮ್ಮ ಕೊಡೆಯನ್ನೇ ಇನ್ಯಾವುದೋ ಬಸ್ಸಿನಲ್ಲಿ ಬಿಟ್ಟು ಬಂದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಪ್ಪ ಮಾತ್ರ ತಿಂಗಳುಗಟ್ಟಲೆ ಡಿಪೋ ಡಿಪೋ ಅಲೆದರು. ಕೊಡೆ ಸಿಗಲಿಲ್ಲ.

ಈಗ ಅಪ್ಪ ಇಲ್ಲ. ಅದಕ್ಕೇ ಅವಳು ಈ ಕಥೆ ಬರೆದಿದ್ದಳು. ಮರೆತುಹೋದ ಕೊಡೆಯೊಂದು ಬಸ್ಸಿನಿಂದ ಬಸ್ಸಿಗೆ ದಾಟಿ, ಸೀಟಿನಡಿ ಮಲಗಿ, ತಪ್ಪು ಸ್ಟಾಪಿನಲ್ಲಿಳಿದು, ಕೊನೆಗೆ ತನ್ನ ಮನೆಯ ಬಾಗಿಲಿಗೆ ತಾನೇ ಬರುವ ಕಥೆ. ಹಾಗಾದರೂ ಅದು ಮನೆಗೆ ಬರಲಿ ಎಂದು.

ಇಷ್ಟನ್ನೂ ಅವಳು ಒಬ್ಬ ಅಪರಿಚಿತನಿಗೆ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟಿದ್ದಳು! ಹೇಳಿ ಮುಗಿಸಿದ ಮೇಲೆ ನಾಚಿಕೆಯಾಯಿತು. ಅವನು ಸಮಾಧಾನದ ಮಾತೇನೂ ಆಡಲಿಲ್ಲ. ಹಿಡಿ ಹೇಗಿತ್ತು, ಬಟ್ಟೆ ಎಲ್ಲಾದರೂ ಹರಿದಿತ್ತೇ ಎಂದಷ್ಟೇ ಕೇಳಿದ. ಹಿಡಿ ಬಿದಿರಿನದು, ಒಂದು ಕಡೆ ಹರಿದಿತ್ತು, ಅಮ್ಮ ಕಪ್ಪು ದಾರ ಸಿಗದೆ ನೀಲಿ ದಾರದಲ್ಲಿ ಹೊಲಿದಿದ್ದಳು ಎಂದಳು.

ಮುಂದಿನ ವಾರ ಹೊಸ ಚಿತ್ರ ನೋಡಲು ಅವನ ಕೋಣೆಗೆ ಹೋದಾಗ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಕಪ್ಪು ಕೊಡೆಯಿತ್ತು. ಬಿದಿರಿನ ಹಿಡಿ, ನೀಲಿ ಹೊಲಿಗೆ. ಮುಗಿಸಿದ್ದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು, ಮೊದಲಿನಿಂದ ಶುರು ಮಾಡಿದ್ದ.

ಅವಳು ಹತ್ತಿರ ಹೋಗಿ ಆ ನೀಲಿ ಹೊಲಿಗೆಯನ್ನೇ ನೋಡುತ್ತ ನಿಂತಳು.

"ಹೊಲಿಗೆ ಸರಿಯಾಗಿದೆಯಾ?" ಎಂದು ಕೇಳಿದ.

"ಅಮ್ಮ ಇಷ್ಟು ನೀಟಾಗಿ ಹೊಲೀತಿರಲಿಲ್ಲ..."

ಅವನು ನಕ್ಕು, ಹೊಲಿಗೆಯನ್ನು ಸ್ವಲ್ಪ ಸೊಟ್ಟ ಮಾಡಿದ.

ಆಮೇಲೆ ಅವಳ ಕಾಲಿಗೆ ಆ ದಾರಿ ರೂಢಿಯಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಒಳಗೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟ ಚಿತ್ರಗಳು, ಕಿಟಕಿಯಲ್ಲಿ ಕುಂಚ ತೊಳೆದ ನೀರಿನ ಲೋಟ. ಅದೇ ಸಾಲಿನಲ್ಲಿ ಟೀ ಲೋಟ. ಒಮ್ಮೆ ಮಾತಿನ ಭರದಲ್ಲಿ ಅವನು ತಪ್ಪು ಲೋಟಕ್ಕೆ ಬಾಯಿ ಹಾಕಿದ್ದ. ಅವಳು ನಕ್ಕ ನಗುವಿಗೆ ಕೆಳಗಿನ ಅಂಗಡಿಯವರು ತಲೆಯೆತ್ತಿ ನೋಡಿದ್ದರು.

ಅವಳು ಓದುವಳು, ಅವನು ಪೆನ್ಸಿಲಿನಲ್ಲಿ ಗೀಚುವನು. ಬಸ್ಸು, ಡಿಪೋ, ಸ್ಟಾಪು, ಬೀದಿ. ಅವನ ಗೀಟುಗಳಲ್ಲಿ ಜನರಿರಲಿಲ್ಲ. ಜನರನ್ನು ಬಣ್ಣ ಹಾಕುವಾಗ ಸೇರಿಸುತ್ತೇನೆ, ಅದು ಮುಗಿಯುವವರೆಗೆ ನೋಡಬೇಡಿ ಎಂದಿದ್ದ. ಅವಳು ಒಪ್ಪಿದ್ದಳು.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. "ಏನಮ್ಮಾ ಪೆನ್ಸಿಲ್, ಕೊಡೆ ಕಥೆ ಇನ್ನೂ ಮುಗೀಲಿಲ್ವಾ? ಆ ಕೊಡೆ ಇಷ್ಟು ಹೊತ್ತಿಗೆ ಭೂಮಿ ಸುತ್ತಿ ಬರ್ತಿತ್ತು," ಎಂದು ಅಣ್ಣನ ಎದುರೇ ಕಾಲೆಳೆಯುತ್ತಿದ್ದಳು. ಸದಾ ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮನೆಯೆಲ್ಲ ಅದನ್ನೇ ಹುಡುಕುತ್ತಾಳೆಂದು ಅವಳಿಗೆ ಆ ಹೆಸರು.

ಅವಳು ಉತ್ತರ ಕೊಡುತ್ತಿರಲಿಲ್ಲ. ಕೊಟ್ಟರೆ ನಿಜ ಬಾಯಿಗೆ ಬಂದೀತೆಂಬ ಭಯ. ನಿಜವೆಂದರೆ, ಅವಳ ಮನಸ್ಸು ಆ ಕೋಣೆಯಲ್ಲೇ ಉಳಿದುಬಿಟ್ಟಿತ್ತು.

* * *

ಅಚ್ಚಿಗೆ ಹೋಗುವ ಮುಂಚೆ ಕೊನೆಯ ಪ್ರೂಫ್ ಮನೆಗೆ ಬಂತು.

ಅವಳ ಮೊದಲ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪು ಹಾಗೇ ಅಚ್ಚಾಗಿ, ಶಾಲೆಯೊಂದರ ಮಕ್ಕಳೆಲ್ಲ ಸೇರಿ ಅದನ್ನು ತಿದ್ದಿ ಕಳಿಸಿದ್ದರು. ಆ ಅವಮಾನದ ನಂತರ ಪ್ರೂಫ್ ನೋಡಲು ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಹಳೆಯ ಕ್ಯಾಲೆಂಡರಿನ ರಟ್ಟನ್ನು ಚಿತ್ರದ ಮೇಲಿಟ್ಟು ಪೂರ್ತಿ ಮುಚ್ಚಿ, ಕೆಳಗಿನ ಸಾಲುಗಳನ್ನಷ್ಟೇ ಓದುವುದು. ಚಿತ್ರ ಕಣ್ಣಿಗೆ ಬಿದ್ದರೆ ಅಕ್ಷರ ಕಾಣುವುದಿಲ್ಲ. ಅವನ ಚಿತ್ರವಂತೂ ಬಿದ್ದರೆ ಏನೂ ಕಾಣುವುದಿಲ್ಲ ಎಂಬುದು ಅವಳಿಗೇ ಗೊತ್ತಿತ್ತು!

'ಅಚ್ಚಾಗಿ ಬರಲಿ. ಅವರ ಪಕ್ಕ ಕೂತು, ನಿಧಾನವಾಗಿ, ಒಂದೊಂದೇ ಪುಟ ನೋಡ್ತೀನಿ...' ಅದೊಂದು ಹಬ್ಬದಂತೆ ಅವಳು ಕಾಯ್ದಿಟ್ಟುಕೊಂಡ ಆಸೆ. ಅದನ್ನು ಅವನಿಗೆ ಹೇಳಿರಲಿಲ್ಲ. ರಟ್ಟಿನ ವಿಷಯವೂ ಅವನಿಗೆ ತಿಳಿದಿರಲಿಲ್ಲ.

ಸಂಜೆ ಅವನ ಫೋನ್ ಬಂತು. ದನಿ ಯಾಕೋ ಎಂದಿನಂತಿರಲಿಲ್ಲ.

"ನೋಡಿದ್ರಾ?"

"ನೋಡಿದೆ. ಮೊದಲಿಂದ ಕೊನೇವರೆಗೂ."

"ಏನಾದ್ರೂ... ಹೇಳೋದಿದೆಯಾ?"

"ಏನೂ ಇಲ್ಲ. ಎಲ್ಲಾ ಸರಿಯಾಗಿದೆ, ಅಚ್ಚಿಗೆ ಕೊಡಬಹುದು."

"ಆಯ್ತು," ಎಂದು ಅವನು ಫೋನಿಟ್ಟ.

ಅಷ್ಟೇ. ಆ ಮೇಲೆ ಅವನು ಕರೆ ಮಾಡಲಿಲ್ಲ. ಅವಳು ಮಾಡಿದಾಗ ಕೆಲಸವಿದೆ ಎಂದ, ಮತ್ತೊಮ್ಮೆ ಮಾಡಿದಾಗ ಎತ್ತಲಿಲ್ಲ. ಪುಸ್ತಕದ ಪ್ರತಿಗಳು ಬಂದ ದಿನ ದೊಡ್ಡಕ್ಕ ಕಚೇರಿಗೆ ಕರೆದು, ಮೆತ್ತಗೆ ವಿಷಯ ತಿಳಿಸಿದರು. ಅವಳ ಮುಂದಿನ ಪುಸ್ತಕಕ್ಕೆ ಚಿತ್ರ ಬರೆಯಲು ಅವನು ಒಲ್ಲೆನೆಂದಿದ್ದ. ಕಾರಣ ಕೇಳಿದರೆ ಹೇಳಿರಲಿಲ್ಲ.

ಅವಳಿಗೆ ಕಾರಣ ಹೊಳೆಯಿತು. ಹೊಳೆಯಿತೆಂದು ಅವಳು ತಿಳಿದಳು. ಕೊಡೆ ಕಪ್ಪಾಗಲಿ, ಹೊಲಿಗೆ ಸೊಟ್ಟವಾಗಲಿ ಎಂದು ತಲೆ ತಿಂದವಳು ತಾನು. ಪಾಪ, ಸಂಕೋಚಕ್ಕೆ ಸಹಿಸಿಕೊಂಡಿದ್ದಾನೆ. ಕೆಲಸ ಮುಗಿದ ಮೇಲೆ ಯಾಕೆ ಸಹಿಸಬೇಕು?

ಪ್ರತಿಗಳ ಕಟ್ಟನ್ನು ಮನೆಗೆ ತಂದು ದಾರ ಬಿಚ್ಚದೆ ಕಪಾಟಿನ ಮೇಲಿಟ್ಟಳು. ಒಬ್ಬಳೇ ಕುಳಿತು ಆ ಚಿತ್ರಗಳನ್ನು ನೋಡಲು ಅವಳಿಂದಾಗಲಿಲ್ಲ. ಹೊಸ ಕಥೆಯನ್ನೂ ಬರೆಯಲಾಗಲಿಲ್ಲ. ಅತ್ತಿಗೆ ಈಗ ತಮಾಷೆ ಮಾಡುತ್ತಿರಲಿಲ್ಲ. ಊಟಕ್ಕೆ ಕರೆಯುವಾಗ ಮಾತ್ರ ತಲೆ ಸವರಿ ಹೋಗುತ್ತಿದ್ದಳು.

* * *

ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಲು ಅವಳು ಬರುತ್ತಾಳೆಂದು ದೊಡ್ಡಕ್ಕ ಒಪ್ಪಿಕೊಂಡುಬಿಟ್ಟಿದ್ದರು. ಕಟ್ಟಿನಿಂದ ಒಂದು ಪ್ರತಿಯನ್ನು ತೆರೆದು ನೋಡದೆ ಚೀಲಕ್ಕೆ ಹಾಕಿಕೊಂಡು, ಅವಳು ಒಲ್ಲದ ಮನಸ್ಸಿನಿಂದ ಹೋದಳು.

ಅವಳು ಓದುವ ಬಗೆಯೇ ಬೇರೆ. ಕಥೆ ಬಾಯಿಪಾಠ. ಪುಸ್ತಕವನ್ನು ಎದೆಯ ಮುಂದೆ ಹಿಡಿದು, ಪುಟಗಳನ್ನು ಮಕ್ಕಳ ಕಡೆಗೆ ತೆರೆಯುತ್ತಾಳೆ. ಚಿತ್ರ ಅವರಿಗೆ, ಮಾತು ಇವಳದು. ಇವಳಿಗೆ ಕಾಣುವುದು ಪುಸ್ತಕದ ರಟ್ಟಿನ ಹೊರಬದಿ ಮಾತ್ರ.

ಮೊದಲ ಪುಟ. ಕೊಡೆ ಬಸ್ಸಿನಲ್ಲಿ ಉಳಿದುಹೋಯಿತು. ಮಕ್ಕಳು ಸುಮ್ಮನೆ ಕೇಳಿದರು.

ಮೂರನೆಯ ಪುಟಕ್ಕೆ ಕಿಸಕ್ಕನೆ ನಗು. ಅವಳಿಗೆ ಅಚ್ಚರಿಯಾಯಿತು. ಅಲ್ಲಿ ನಗುವಂಥದ್ದೇನೂ ಇರಲಿಲ್ಲ, ಕೊಡೆ ಅಳುವ ಜಾಗ ಅದು. ನಾಲ್ಕನೆಯ ಪುಟಕ್ಕೆ ಇನ್ನೂ ಜೋರು. 'ನಾನೇನಾದ್ರೂ ತಪ್ಪು ಓದಿದ್ನಾ?'

ಮುಂದಿನ ಸಾಲಿನಿಂದ ಹಲ್ಲು ಬಿದ್ದ ಹುಡುಗಿಯೊಬ್ಬಳು ಎದ್ದು ಬಂದು, ಪುಟದ ಮೇಲೆ ಬೆರಳಿಟ್ಟಳು.

"ಈ ಹಳದಿ ಕೊಡೆ ಮಾಮ ಮತ್ತೆ ಬಸ್ ತಪ್ಪಿಸ್ಕೊಂಡ್ಬಿಟ್ರು."

"ಹಳದಿ ಕೊಡೆನಾ?"

ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿದಳು.

ಅಪ್ಪನ ಕಪ್ಪು ಕೊಡೆ ಸೀಟಿನಡಿ ಮಲಗಿತ್ತು. ಕಿಟಕಿಯ ಬಳಿ ಒಬ್ಬಳು ಹೆಂಗಸು ಪುಸ್ತಕ ಓದುತ್ತಿದ್ದಳು. ಬಸ್ಸಿನ ಹಿಂದೆ, ಬೆರಳುದ್ದದ ಮನುಷ್ಯನೊಬ್ಬ ಹಳದಿ ಕೊಡೆ ಹಿಡಿದು ಓಡಿ ಬರುತ್ತಿದ್ದ. ಬಸ್ಸು ಹೊರಟಿತ್ತು.

"ಎಲ್ಲಾ ಪುಟದಲ್ಲೂ ಇದಾರೆ," ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬ ದನಿಯಲ್ಲಿ. "ಈ ಅಕ್ಕನ್ನ ಹುಡುಕ್ತಿದಾರೆ. ಅಕ್ಕ ತಿರುಗೇ ನೋಡಲ್ಲ. ಈ ಅಕ್ಕ ನೀವೇ ಅಲ್ವಾ? ಪೆನ್ಸಿಲ್ ಇದೆ."

ಅವಳ ಕೈ ತಾನಾಗಿಯೇ ತುರುಬಿಗೆ ಹೋಯಿತು. ಚಿತ್ರದ ಹೆಂಗಸಿನ ತುರುಬಿನಲ್ಲೂ ಕೆಂಪು ಪೆನ್ಸಿಲ್ ಇತ್ತು.

ಹುಡುಗಿಯೇ ಪುಟ ತಿರುಗಿಸುತ್ತ ಹೋದಳು. ಡಿಪೋದಲ್ಲಿ ಅವಳು ಈ ಗೇಟಿನಿಂದ ಹೊರಟಿದ್ದರೆ ಅವನು ಆ ಗೇಟಿನಿಂದ ಒಳಗೆ. ಬೀದಿಯಲ್ಲಿ ಅವಳು ತಿರುವಿನಾಚೆ, ಅವನು ಈಚೆ. ಕೊನೆಯ ಪುಟದಲ್ಲಿ ಕಪ್ಪು ಕೊಡೆ ಮನೆ ಸೇರಿ, ಬಾಗಿಲ ಹಿಂದಿನ ಮೊಳೆಗೆ ತೂಗಿಕೊಂಡಿತ್ತು. ಕಿಟಕಿಯಾಚೆ ಮಳೆ. ಅವಳು ನೆನೆಯುತ್ತ ನಡೆದು ಹೋಗುತ್ತಿದ್ದಳು. ಅವಳ ಹಿಂದೆಯೇ ಅವನು ಹಳದಿ ಕೊಡೆಯನ್ನು ಮುಂದಕ್ಕೆ ಚಾಚಿ ನಿಂತಿದ್ದ. ಕೊಡೆಯ ಕೆಳಗೆ ಯಾರೂ ಇರಲಿಲ್ಲ, ಅವನೂ ಇರಲಿಲ್ಲ. ಅವನೂ ನೆನೆಯುತ್ತಿದ್ದ.

"ಏನಾದ್ರೂ ಹೇಳೋದಿದೆಯಾ..." ಅವನ ಮಾತು ಈಗ ಕಿವಿಯಲ್ಲಿ ಕೇಳಿಸಿತು. ಅದಕ್ಕೆ ತಾನು ಏನೆಂದೆ? ಏನೂ ಇಲ್ಲ ಎಂದೆ... ಅಯ್ಯೋ ದೇವರೇ!

ಅಕ್ಕ ಯಾಕೆ ಅಳುತ್ತಿದ್ದಾರೆ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡೆ ಮನೆಗೆ ಬಂತಲ್ಲ, ಅದಕ್ಕೆ ಖುಷಿಗೆ ಎಂದು ಹಲ್ಲು ಬಿದ್ದ ಹುಡುಗಿ ಎಲ್ಲರಿಗೂ ತಿಳಿಸಿ ಹೇಳಿದಳು.

* * *

ಸೈಕಲ್ ಅಂಗಡಿಯವರು ಅವಳನ್ನು ನೋಡಿ, ಕೇಳುವ ಮೊದಲೇ ಮೇಲೆ ಬೆರಳು ತೋರಿಸಿದರು.

ಬಾಗಿಲು ತೆರೆದಿತ್ತು. ಅವನು ಯಾವುದೋ ಗಣಿತ ಪುಸ್ತಕಕ್ಕೆ ಸೇಬು ಹಣ್ಣುಗಳನ್ನು ಬರೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮುಖದಲ್ಲಿ ಸೌಜನ್ಯವಿತ್ತು, ಸಲಿಗೆ ಇರಲಿಲ್ಲ.

"ಪುಸ್ತಕದಲ್ಲಿ ಒಂದು ತಿದ್ದುಪಡಿ ಇದೆ," ಎಂದಳು.

"ಅಚ್ಚಾಗಿ ಹೋಯ್ತಲ್ಲ. ಏನು, ಕೊಡೆ ಬಣ್ಣಾನಾ?"

"ಬಣ್ಣ ಸರಿಯಾಗೇ ಇದೆ. ಕೊನೇ ಪುಟದಲ್ಲಿ ಅವಳು ಯಾಕೆ ನೆನೀತಿದಾಳೆ?"

ಅವನು ಕುಂಚವನ್ನು ನೀರಿನ ಲೋಟದಲ್ಲಿಟ್ಟ. ತುಂಬ ಹೊತ್ತು ಅದನ್ನೇ ತಿರುಗಿಸುತ್ತಿದ್ದ.

"ಅವಳು ತಿರುಗಿ ನೋಡಿಲ್ಲ," ಎಂದ.

"ನೋಡಿದ್ಲು. ಇವತ್ತು ಮಧ್ಯಾಹ್ನ."

ಅವಳು ಚೀಲದಿಂದ ಪುಸ್ತಕವನ್ನೂ ಅದರೊಂದಿಗೆ ಹಳೆಯ ಕ್ಯಾಲೆಂಡರಿನ ರಟ್ಟನ್ನೂ ತೆಗೆದಳು. ದಾರಿಯಲ್ಲಿ ಮನೆಗೆ ಹೋಗಿ ಅದನ್ನು ತಂದಿದ್ದಳು. ರಟ್ಟನ್ನು ಚಿತ್ರದ ಮೇಲಿಟ್ಟು, ತಾನು ಪ್ರೂಫ್ ನೋಡುವ ಬಗೆ ತೋರಿಸಿದಳು. ಚಿತ್ರಗಳನ್ನು ನಿಮ್ಮ ಪಕ್ಕ ಕುಳಿತು ನೋಡಬೇಕೆಂದು ಉಳಿಸಿಕೊಂಡಿದ್ದೆ ಎಂದಳು. ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಅವನು ರಟ್ಟನ್ನು ನೋಡಿದ, ಅವಳನ್ನು ನೋಡಿದ. ಮೆಲ್ಲಗೆ ಅವನ ಮುಖದ ಗಂಟು ಸಡಿಲವಾಯಿತು.

"ಇಷ್ಟು ದಿನ ನಾನು ಈ ರಟ್ಟಿನ ಮೇಲೆ ಕೋಪ ಮಾಡ್ಕೊಂಡಿದ್ನಾ..."

"ನಾನು ನನ್ನ ಮೇಲೇ ಮಾಡ್ಕೊಂಡಿದ್ದೆ."

ಅವಳು ತುರುಬಿನಿಂದ ಪೆನ್ಸಿಲ್ ಕಿತ್ತಳು. ಕೂದಲು ಬಿಚ್ಚಿ ಬೆನ್ನ ಮೇಲೆ ಬಿತ್ತು. ಕೊನೆಯ ಪುಟವನ್ನು ತೆರೆದು, ಹಳದಿ ಕೊಡೆಯ ಕೆಳಗಿನ ಖಾಲಿ ಜಾಗದಲ್ಲಿ ಚಿತ್ರ ಬರೆಯತೊಡಗಿದಳು. ಅವಳಿಗೆ ಚಿತ್ರ ಬರುವುದಿಲ್ಲ. ದುಂಡಗಿನ ತಲೆ, ಕಡ್ಡಿಯಂಥ ಮೈ, ತಲೆಯ ಮೇಲೊಂದು ಗೀಟು. ಅದು ಪೆನ್ಸಿಲ್ ಇರಬೇಕು.

ಅವನು ಬಗ್ಗಿ ನೋಡಿದ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ಇವಳಿಗೆ ಒಂದೇ ಕೈ ಇದೆಯಲ್ಲ. ಇನ್ನೊಂದು ಎಲ್ಲಿ?"

"ಚಿತ್ರದಲ್ಲಿ ಕಾಣೋದನ್ನೆಲ್ಲ ಬಾಯಿಬಿಟ್ಟು ಹೇಳ್ಬಾರ್ದು," ಎಂದಳು.

"ಕೊಡೆ ವಿಷಯದಲ್ಲಿ ಹಾಗೇ ಮಾಡಿ ಆದದ್ದು ಸಾಕು. ಹೇಳು."

ಅವಳು ತಲೆ ತಗ್ಗಿಸಿ ನಕ್ಕಳು.

"ಕೊಡೆ ಹಿಡಿದವರ ಕೈಯಲ್ಲಿದೆ."